ಹೆಸರು ಬದಲಾತು, ಪಗಾರ ಕಡಿಮ್ಯಾತು

ಪಗಾರದ ದಿನ ಕೈಯಾಗ ಬಂದ ರೊಕ್ಕ ನೋಡಿ ಸಾಲಿ ಅಕ್ಕೋರು ದ್ವಾರಕಾಬಾಯಿ ಮಾರಿ ಸಣ್ಣದಾತು. ಬಾಣಂತನದ ರಜಾ ಮುಗಿಸಿ ಆಗಷ್ಟ ಕೆಲಸಕ್ಕ ಬಂದಿದ್ಲು. ರಜಾದ ಪಗಾರ ಪೂರಾ ಕಟ್ ಆಗಿತ್ತು. ಗಂಡ ದಿನಕರ ಗಿರಣಿ ಬಂದಾಗಿ ಮನ್ಯಾಗ ಕುಂತಿದ್ದ. ಮನಿ ಬಾಡಗಿ, ಕೂಸಿನ ಹಾಲು, ಎಲ್ಲಾ ಈ ಪಗಾರದಾಗ ಆಗಬೇಕು. ಆದ್ರೂ ಬಾಯಿ ಮುಚ್ಕೊಂಡು ಪಗಾರ ಬಿಲ್ಲಿಗೆ ಹಚ್ಚಿದ ರೆವಿನ್ಯೂ ತಿಕೀಟಿನ ಮ್ಯಾಲೆ ಸಹಿ ಹಾಕಿ ಬಂದ್ಲು.

ಬಾಜೂ ಮನಿ ಜುಲೇಖಾಬಿ ಉರ್ದು ಸಾಲಿ ಅಕ್ಕೋರು. ಸಂಜಿಮುಂದ ಕೂಸಿನ್ನ ನೋಡಾಕ ಬಂದಾಕಿ ಈ ಸುದ್ದಿ ಕೇಳಿ ಉರದೆದ್ಲು.

"ಬಾಣಂತನಕ್ಕ ಪಗಾರ ಹಿಡದಾರಾ? ನನಗ ಎರಡೂ ಕೂಸಿಗೆ ಪೂರಾ ಕೊಟ್ಟಾರ. ಬಿಲ್ಲಿನಾಗ ಏನಂತ ಬರದಾರ, ನೋಡಿದೇನು?"

"ಇಲ್ಲ ಬಿಡು. ಸಹಿ ಮಾಡ್ರಿ ಅಂದ್ರು, ಮಾಡಿದೆ."

"ಸಂತ್ಯಾಗ ಬದನಿಕಾಯಿ ಒಂದೊಂದೂ ಹೊಳ್ಳಿಸಿ ನೋಡ್ತಿ. ನಿನ್ನ ಪಗಾರಕ್ಕ ಅಷ್ಟೂ ಕಿಮ್ಮತ್ತ ಇಲ್ಲೇನ?"

ತೊಟ್ಟಲಾ ತೂಗತಿದ್ದ ಅತ್ತಿ ಸೀತಾಬಾಯಿ ನಡುವ ಬಾಯಿ ಹಾಕಿದ್ಲು. "ಆಫೀಸಿನ್ಯಾಗ ಕೂತವರು ಏನ ಓದಲಾರದವರಾ? ಸರಕಾರದ ಜೋಡಿ ಜಗಳಾ ತಗದ್ರ ಇದ್ದ ನೌಕರೀನೂ ಹೋಗ್ತದ."

"ಜಗಳಾ ಅಲ್ಲ ಮಾಯೀ, ಕೇಳೂದು. ಕೇಳಿದ್ರ ನೌಕರಿ ಹೋಗೂದಿಲ್ಲ. ಕೇಳಲಾರದ್ದಕ್ಕ ರೊಕ್ಕಂತೂ ಹೋಗೇ ಬಿಟ್ಟೈತಿ."

ಮರುದಿನ ದ್ವಾರಕಾಬಾಯಿ ಹೆಡ್ ಮಾಸ್ತರ ಕಡೆ ಬಿಲ್ಲಿನ ನಕಲು ಇಸಗೊಂಡು ಓದಿದ್ಲು. ತನ್ನ ಹೆಸರಿನ ಮುಂದ ಬರದಿತ್ತು: ಹೊಸ ನೇಮಕ. ರಜಾ ಪಗಾರ ಇಲ್ಲ, ಇಂಕ್ರಿಮೆಂಟ್ ಇಲ್ಲ. ಹೊಸ ನೇಮಕ ಅಂತ. ಅದ ಸಾಲ್ಯಾಗ ಆಕಿ ಕಲಸಿದ ಹುಡುಗ್ಯಾರು ಈಗ ಲಗ್ನಕ್ಕ ಬಂದಾರ. ಆಕಿಗೆ ಅಂಗಾಲಿನಿಂದ ಉರೀತು. ಕೂಸಿನ್ನ ಬಗಲಾಗ ಇಟಗೊಂಡು ಶಿಕ್ಷಣ ಇಲಾಖೆ ಆಫೀಸಿಗೆ ಹೋಗಾಕ ಬಸ್ ಹತ್ತಿದ್ಲು. ಸೊಸಿ ಏನಾರ ಅಂದು ನೌಕರಿ ಕಳ್ಕೊಂಡಾಳು ಅಂತ ಸೀತಾಬಾಯೀನೂ ಹಿಂದಿಂದ ಹತ್ತಿದ್ಲು.

ಆಫೀಸಿನ್ಯಾಗ ಪಗಾರ ಬಿಲ್ಲು ಮಾಡೂ ಕುಬೇರಪ್ಪ ಫೈಲು ತಗದ. "ಎಲ್ಲಾ ಬರೋಬ್ಬರಿ ಐತ್ರಿ. ನಿಮ್ಮ ಸಾಲ್ಯಾಗ ವಾರಿಜಾ ಅಂತ ಅಕ್ಕೋರಿದ್ರು. ಅವರು ಬಿಟ್ಟು ಹೋದ್ರು, ಅವರ ಜಾಗಾಕ್ಕ ದ್ವಾರಕಾಬಾಯಿ ಬಂದ್ರು. ಹೊಸಾ ಮಂದಿಗೆ ಬಾಣಂತನದ ಪಗಾರ ಇಲ್ರಿ."

"ಆ ವಾರಿಜಾ ನಾನರೀ."

"ಮತ್ತ ದ್ವಾರಕಾಬಾಯಿ?"

"ಅದೂ ನಾನ. ಲಗ್ನದಾಗ ಹೆಸರು ಬದಲಾತು ಅಂತ ಅರ್ಜಿ ಕೊಟ್ಟೇನಲ್ಲ."

ಕುಬೇರಪ್ಪ ನಕ್ಕ. "ಲಗ್ನಾದ್ರ ಅಡ್ಡಹೆಸರು ಬದಲಾಕ್ಕೈತ್ರಿ. ಹಡದವರು ಇಟ್ಟ ಹೆಸರ ಬದಲಾಕ್ಕೈತೇನು? ನಮ್ಮ ಮಂದ್ಯಾಗಂತೂ ಹಂಗಿಲ್ಲ."

ಆ ನಗಿ ನೋಡಿ ದ್ವಾರಕಾಬಾಯಿ ಸಿಟ್ಟು ನೆತ್ತಿಗೇರಿತು. "ಹೊಸಾಕಿ ಬಂದಾಳಂದ್ರ ಆಕಿ ನೇಮಕದ ಆರ್ಡರ್ ಎಲ್ಲಿ ಅದ, ತೋರಸ್ರಿ. ಹಳೇದಾಕಿ ಬಿಟ್ಟಾಳಂದ್ರ ಆಕಿ ರಾಜೀನಾಮಾ ಎಲ್ಲಿ ಅದ, ಅದನ್ನೂ ತೋರಸ್ರಿ."

ಕುಬೇರಪ್ಪ ಫೈಲು ಹಿಂದ ಮುಂದ ತಿರುವಿದ. ಎರಡೂ ಇರಲಿಲ್ಲ. ಆಕಿ ಕೊಟ್ಟ ಅರ್ಜಿ ಮಾತ್ರ ಇತ್ತು.

"ಒಂದ ಹಾಳಿ ಪೂರಾ ಓದಲಾರದೇ, ನನ್ನ ಕೂಸಿನ ಹಾಲು ಕಸಗೊಂಡ್ರಿ," ಅಂದ್ಲು ದ್ವಾರಕಾಬಾಯಿ.

ದಾರಿ ತುಂಬ ಸುಮ್ಮನಿರು ಸುಮ್ಮನಿರು ಅಂತಿದ್ದ ಸೀತಾಬಾಯಿ ಈಗ ಮುಂದ ಬಂದ್ಲು. "ನಮ್ಮ ಪದ್ಧತಿ ಪ್ರಕಾರ ಲಗ್ನದಾಗ ತಾಟಿನಾಗಿನ ಅಕ್ಕಿ ಮ್ಯಾಲೆ ಉಂಗುರಲೆ ಆ ಹೊಸಾ ಹೆಸರು ಬರಿಸಿದಾಕಿ ನಾನು. ನಾವು ಹೆಸರು ಬದಲ ಮಾಡೇವಪಾ, ಸೊಸಿನ್ನಲ್ಲ."

ಬಾಜೂ ಮೇಜಿನವರೆಲ್ಲಾ ನಕ್ಕರು. ಈ ಸಲ ಕುಬೇರಪ್ಪ ನಗಲಿಲ್ಲ. "ತಪ್ಪಾಗೈತ್ರಿ, ಮುಂದಿನ ಬಿಲ್ಲಿಗೆ ಹಾಕ್ತೀನಿ" ಅಂದ. ಬಾಯಿಮಾತು ಬ್ಯಾಡ ಅಂತ ಸೀತಾಬಾಯೀನ ಪಟ್ಟು ಹಿಡದ್ಲು. ಸೊಸಿ ಕೈಲೆ ಅರ್ಜಿ ಬರಿಸಿ, ನಕಲಿನ ಮ್ಯಾಲೆ ಆಫೀಸ ಮೊಹರಿನ ಸಿಕ್ಕಾ ಹೊಡಿಸಿಕೊಂಡ ಎದ್ದದ್ದು. ಮುಂದಿನ ಬಿಲ್ಲಿನಾಗ ಹಿಡದ ಪಗಾರಾನೂ ಬಂತು, ನಿಂತ ಇಂಕ್ರಿಮೆಂಟೂ ಬಂತು.

ನೌಕರಿ ಮಾಡೂ ಅಕ್ಕಗೋಳ, ಅಣ್ಣಗೋಳ, ಈ ತಿಂಗಳ ಸಹಿ ಹಾಕೂಕಿಂತ ಮೊದಲ ಬಿಲ್ಲು ಓದ್ರಿ. ಹೆಸರು ನಿಮ್ಮದ ಐತೇನು, ಸೇರಿದ ತಾರೀಖು ಬರೋಬ್ಬರಿ ಐತೇನು, ರಜಾಕ್ಕ ಯಾಕ ಹಿಡದಾರ, ಪ್ರಾವಿಡೆಂಟ್ ಫಂಡಿನ ರೊಕ್ಕ ಯಾರ ನಂಬರಿಗೆ ಹೊಂಟೈತಿ, ನೋಡ್ರಿ. ತಪ್ಪು ಕಂಡ್ರ ಬರದು ಕೊಡ್ರಿ, ಸಿಕ್ಕಾ ಹೊಡದ ನಕಲು ಮನ್ಯಾಗ ಇಟ್ಕೋರಿ. ಕೇಳಾಕ ನಾಚ್ಕೋಬ್ಯಾಡ್ರಿ. ದುಡದವರು ನೀವು. ನಾಚ್ಕೋಬೇಕಾದವರು ಹಾಳಿ ಓದಲಾರದೇ ಪಗಾರ ಹಿಡದವರು.