ಬಿಳಿ ಬಟ್ಟೆ ಹಿಡಿದವಳು

ಊರಿನ ಅರ್ಧ ಜನರ ಮುಖವನ್ನು ಗಾಜಿನ ಮೇಲೆ ಇಳಿಸಿದ್ದ ಫೋಟೋದವನು ತನ್ನ ಹೆಂಡತಿಯದನ್ನು ಮಾತ್ರ ಮದುವೆಯಾದಾಗಿನಿಂದ ಮುಂದೂಡುತ್ತಲೇ ಬಂದಿದ್ದ. ಕೇಳಿದರೆ, ನೀನೆಲ್ಲಿ ಓಡಿಹೋಗ್ತೀಯ ಅನ್ನುತ್ತಿದ್ದ. ಅವಳ ಕೆಲಸ ಕಿಟಕಿಯ ಎದುರು ಬದಿಗೆ ಬಿಳಿ ಬಟ್ಟೆ ಎತ್ತಿ ಹಿಡಿದು ನಿಲ್ಲುವುದು. ಕೂತವರ ಮುಖದ ನೆರಳಿನ ಮಗ್ಗುಲಿಗೆ ಬೆಳಕು ಸಿಗುತ್ತಿದ್ದದ್ದು ಆ ಬಟ್ಟೆಯಿಂದ.

ಹೀಗಿರುವಾಗ ಅವಳ ತಂಗಿ ಬಂದಳು. ಚೀಲ ಕೆಳಗಿಡುವುದರೊಳಗೆ ಭಾವ ಅವಳನ್ನು ಕುರ್ಚಿಗೆ ಕರೆದ. ಕೆನ್ನೆ ಮೇಲೆ ಬೆಳಕು ಹೇಗೆ ಜಾರತ್ತೆ ನೋಡು ಎಂದು ಹೆಂಡತಿಗೇ ತೋರಿಸಿದ. ಅವಳು ನೋಡಿದಳು. ಚಳಿ ಅಂತ ತಂಗಿ ಹೊದ್ದದ್ದು ಅಕ್ಕನ ಶಾಲು, ಅಕ್ಕನೇ ಕೂತು ಹೆಣೆದದ್ದು. ಕೇಳಿ ತೆಗೆದುಕೊಂಡದ್ದೂ ಅಲ್ಲ.

ತಂಗಿಯ ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಕವೆಗೆ ಸಿಕ್ಕಿಸಿ, ಕ್ಯಾಮೆರಾದ ಮುಚ್ಚಳ ತೆಗೆದು, ಅವನು ಎಣಿಸತೊಡಗಿದ. ಅವನ ಕಣ್ಣು ಗಡಿಯಾರದಲ್ಲಿ, ತಂಗಿಯ ಕಣ್ಣು ಕ್ಯಾಮೆರಾದಲ್ಲಿ. ಅಕ್ಕ ತಣ್ಣಗೆ ಬಟ್ಟೆ ಕೆಳಗಿಳಿಸಿದಳು. ಮುಗಿಯುವ ಹೊತ್ತಿಗೆ ಮತ್ತೆ ಎತ್ತಿದಳು, ಅಚ್ಚುಕಟ್ಟಿನ ಹೆಂಗಸು.

ಫೋಟೋದಲ್ಲಿ ತಂಗಿಯ ಅರ್ಧ ಮುಖ ಕತ್ತಲಲ್ಲಿ ಮುಳುಗಿತ್ತು. ಆದರೆ ಪಕ್ಕದಿಂದಷ್ಟೇ ಬಿದ್ದ ಕಿಟಕಿಯ ಬೆಳಕಿಗೆ ಶಾಲಿನ ಒಂದೊಂದು ಹೆಣಿಗೆಯೂ ಎದ್ದು ನಿಂತಿತ್ತು, ಮುಟ್ಟಿದರೆ ಉಣ್ಣೆ ಬೆರಳಿಗೆ ಚುಚ್ಚೀತು ಅನ್ನುವಷ್ಟು. ಹೇಗಾಯಿತೆಂದು ತಿಳಿಯದ ಫೋಟೋದವನು ಅದನ್ನು ತನ್ನ ಕೈಚಳಕವೆಂದೇ ಒಪ್ಪಿಕೊಂಡು ಅಂಗಡಿಯ ಮುಂದೆ ತೂಗುಹಾಕಿದ. ನೋಡಿದವರೆಲ್ಲ ಕೇಳಿದ್ದು ಒಂದೇ: ಶಾಲು ಯಾರು ಹೆಣೆದದ್ದು?

ತಂಗಿ ಮುಖ ಊದಿಸಿಕೊಂಡಳು. "ನನ್ನನ್ನ ಕೂರಿಸಿ ಅಕ್ಕನ ಶಾಲಿನ ಫೋಟೋ ತೆಗೆದ್ರಾ ಭಾವ? ಅದಕ್ಕೆ ಗೋಡೆ ಗೂಟ ಸಾಕಿತ್ತಲ್ಲ."

ಫೋಟೋದವನು ಹೆಂಡತಿಯ ಕೈ ನೋಡಿದ, ಆಮೇಲೆ ಮುಖ. ಎಷ್ಟೋ ಕಾಲದ ಮೇಲೆ ನೋಡಿದಂತಿತ್ತು. "ಬಾ, ಕೂತ್ಕೋ. ಈಗ ನಿಂದೇ ತೆಗೀತೀನಿ."

ಅವಳು ಕಾಯಿಸದೆ ಕೂತಳು. ಶಾಲು ಕೊಡು ಅಂದರೆ ತಂಗಿ ಚಳಿ ಅಂದಳು. ತಲೆ ಕವೆಗೆ ಸಿಕ್ಕಿತು. ಬಟ್ಟೆ ಹಿಡಿಯೋದು ಯಾರು ಎಂಬ ಮಾತು ಏಳುವ ಮೊದಲೇ ತಂಗಿ ಅದನ್ನು ಎತ್ತಿಕೊಂಡಾಗಿತ್ತು.

"ಆರಾಮಾಗಿ ಕೂತ್ಕೋ ಅಕ್ಕ. ನೀನು ಹೇಗೆ ಹಿಡಿದಿದ್ಯೋ ಹಾಗೇ ಹಿಡೀತೀನಿ."

ಮುಚ್ಚಳ ತೆಗೆದಾಯಿತು. ಫೋಟೋದವನ ಕಣ್ಣು ಗಡಿಯಾರಕ್ಕೆ ಹೋಯಿತು. ಅಕ್ಕ ತಲೆ ತಿರುಗಿಸುವಂತಿರಲಿಲ್ಲ. ಬಟ್ಟೆಯ ಕಡೆಗಿದ್ದ ಎಡಗೆನ್ನೆಯ ಮೇಲೆ ಬೆಳಕು ಇದೆಯೋ ಹೋಯಿತೋ ಎಂದು ಚರ್ಮದಿಂದಲೇ ಕಂಡುಕೊಳ್ಳಲು ನೋಡುತ್ತ, ಉಸಿರು ಬಿಗಿಹಿಡಿದು, ಪ್ರಸನ್ನಮುಖಿಯಾಗಿ ಕೂತಿದ್ದಳು.