ಬಾವ ತುಂಬಿದ ತೋಟಾ

"ತಾತ, ಸುಮ್ನೆ ಹಠ ಮಾಡ್ಬೇಡಪ್ಪ. ಇವೆರಡರಲ್ಲಿ ಯಾವ್ದಾದ್ರೂ ಒಂದು ಆರಿಸ್ಕೋ," ಎಂದು ಮೌನಿಕಾ ಕೋವಿಗೆ ತುಂಬುವ ತೋಟಾಗಳ ಎರಡು ಪುಟ್ಟ ಡಬ್ಬಿಗಳನ್ನು ಕಲ್ಲುಬೆಂಚಿನ ಮೇಲಿಟ್ಟಳು.

ಆವುಲಪ್ಪ ಆ ಕಡೆ ತಿರುಗಿಯೂ ನೋಡಲಿಲ್ಲ. ತೊಡೆಯ ಮೇಲೆ ಮಲಗಿಸಿಕೊಂಡಿದ್ದ ತನ್ನ ಹಳೆಯ ತ್ರೀ-ಒನ್-ಫೈವ್ ರೈಫಲನ್ನು ಟವೆಲಿನಿಂದ ಒರೆಸುತ್ತಲೇ ಇದ್ದ. ಗೌರಿಬಿದನೂರಿನ ಹೊರಗಿನ ರೈಫಲ್ ಕ್ಲಬ್ಬಿನ ಬಯಲು ಅದು. ಮೊಮ್ಮಗಳು ಅಲ್ಲಿ ಅಭ್ಯಾಸ ಮಾಡಿ ಕಾಲೇಜಿಗೆ ಎರಡು ಮೆಡಲ್ ತಂದವಳು.

"ಎರಡೂ ನನ್ ರೈಫಲ್‌ದು. ಇದು ಜೋರಾಗಿ ಹೋಗೋದು, ಇದು ನಿಧಾನದ್ದು. ಟಾರ್ಗೆಟ್‌ಗೆ ನಿಧಾನದ್ದೇ ಒಳ್ಳೇದು. ಮದ್ದು ಕಮ್ಮಿ, ಗುಂಡು ಹಗುರ, ನಮ್ಮ ಟೂ-ಟೂ ರೈಫಲ್ ನೋಡಿದ್ರೆ ಒಳ್ಳೆ ತೂಕ. ಒದೆಯೋದೇ ಗೊತ್ತಾಗಲ್ಲ."

"ಒದೀದೇ ಇರೋದು ಕೋವಿ ಏನಮ್ಮ? ಪಿಚಕಾರಿ ಅದು."

"ನಿನ್ ರೈಫಲ್‌ಗೂ ಹಗುರದ್ದು ಸಿಕ್ಕಿದ್ರೆ ತರ್ತಿದ್ದೆ. ಅಂಗಡೀಲಿ ಬರೋದು ಒಂದೇ ಥರ, ಕತ್ತೆ ಒದ್ದಂಗೆ ಒದೆಯೋದು. ಡಾಕ್ಟ್ರು ಏನಂದ್ರು, ಜ್ಞಾಪಕ ಐತಾ?"

ಜ್ಞಾಪಕವಿಲ್ಲದೆ ಏನು. ಯುಗಾದಿ ಹೊತ್ತಿನಲ್ಲಿ ತಾರಸಿ ಮೆಟ್ಟಿಲಿಂದ ಜಾರಿಬಿದ್ದು ಹೆಗಲ ಮೂಳೆ ಮುರಿದು, ಒಳಗೆ ತಗಡು ಕೂರಿಸಿದ್ದರು. ಅಲ್ಲಿಗೆ ಇನ್ನೊಂದು ಏಟು ಬಿದ್ದರೆ ಕೈ ಮೇಲೇಳುವುದು ಅನುಮಾನ ಎಂದು ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿದ್ದರು. ಆದರೆ ವಿಜಯದಶಮಿಯ ದಿನ ಬಾವನ ಎದುರು ಮೊಮ್ಮಗಳ ಪಿಚಕಾರಿ ಹಿಡಿದು ಕೂರುವುದೆಂದರೆ, ಮುದುಕನಾದೆ ಎಂದು ತಾನೇ ತಮಟೆ ಬಾರಿಸಿದಂತಲ್ಲವೇ? ಕೈ ಹೋದರೆ ಹೋಗಲಿ ಎಂದುಕೊಂಡೇ ಬಂದಿದ್ದ.

ಬಾವ ಎಂದರೆ ಮಂಚೇನಹಳ್ಳಿಯ ವೆಂಕಟರಾಮಪ್ಪ, ಅಕ್ಕ ಓಬಳಮ್ಮನ ಗಂಡ. ಹೊಸ ಅಳಿಯನಾಗಿ ಮೊದಲ ಹಬ್ಬಕ್ಕೆ ಆವುಲಪ್ಪನ ಊರು ನಗರಗೆರೆಗೆ ಬಂದಾಗ, ಇವನ ಕೈ ಎಷ್ಟು ಗಟ್ಟಿ ನೋಡೋಣ ಎಂದು ಶುರುವಾಗಿ, ಪ್ರತಿ ವಿಜಯದಶಮಿಗೂ ನಡೆದು ಬಂದ ಆಟ ಇದು. ಆಗ ಊರಾಚೆಯ ದಿಬ್ಬದಲ್ಲಿ ಆಡುತ್ತಿದ್ದರು. ಒಬ್ಬನ ಕೋವಿಗೆ ಇನ್ನೊಬ್ಬ ಒಂದೊಂದೇ ತೋಟಾ ತುಂಬಬೇಕು. ಹೊಡೆಯುವವನು ಗುರಿಯಿಂದ ಕಣ್ಣು ತೆಗೆಯುವಂತಿಲ್ಲ. ತುಂಬುವವನು ನಡುವೆ ಯಾವಾಗಲೋ ಗುಟ್ಟಾಗಿ ಒಂದು ಸುಟ್ಟ ತೋಟಾದ ಖಾಲಿ ಚಿಪ್ಪು ಸೇರಿಸುತ್ತಾನೆ. ಬೆರಳಿಂದ ಕೋವಿಯ ಕುದುರೆ ಒತ್ತಿದಾಗ ಗುಂಡು ಹಾರದೆ ಬರೀ 'ಟಕ್' ಎನ್ನುತ್ತದೆ. ಒದೆತಕ್ಕೆ ಹೆದರಿದವನಾದರೆ ಕೋವಿಯ ಮೂತಿ ತಾನೇ ತಾನಾಗಿ ಬಗ್ಗುತ್ತದೆ, ಬಗ್ಗಿಸಿದವನು ಸೋತ.

ಬಗ್ಗಿತೋ ಇಲ್ಲವೋ ಹೇಳುತ್ತಿದ್ದವಳು ಓಬಳಕ್ಕ. ಮಡಿಲಲ್ಲಿ ಪುರಿ ಇಟ್ಟುಕೊಂಡು ಬಂಡೆಯ ಮೇಲೆ ಕೂತು, ಗಂಡನೆಂದೂ ನೋಡದೆ ತಮ್ಮನೆಂದೂ ನೋಡದೆ ಕಿಲಕಿಲ ನಗುತ್ತಿದ್ದಳು. ಎಂಥ ನಗು ಅದು! ಅವಳು ಹೋದ ಮೇಲೆ ಕಳೆದ ವರ್ಷ ಇಬ್ಬರೂ ಕೋವಿ ಮುಟ್ಟಿರಲಿಲ್ಲ. ಈ ವರ್ಷವೂ ಬಿಟ್ಟರೆ ಆಟ ಅಲ್ಲಿಗೇ ಮುಗಿಯಿತು ಎಂಬುದು ಆವುಲಪ್ಪನಿಗೆ ಗೊತ್ತಿತ್ತು.

ಆಟೋ ಇಳಿದು ಬಂದ ವೆಂಕಟರಾಮಪ್ಪ ದೂರದಿಂದಲೇ ಕೂಗಿದ. "ಏಮಿರಾ ಬಾಮೈದ, ಮೊಮ್ಮಗಳು ಲಾಲಿ ಹಾಡ್ತಾವ್ಳಾ?"

"ಮಾತು ಕಮ್ಮಿ ಮಾಡು ಬಾವ. ತುಂಬು."

"ಮಂಚೇನಳ್ಳಿ ತಾತ, ನೀವಾದ್ರೂ ಹೇಳಿ, ನನ್ ರೈಫಲ್ಲು, ಈ ನಿಧಾನದ್ದು ಸಾಕು ಅಂತ," ಎಂದಳು ಮೌನಿಕಾ. ಅವಳ ದನಿ ಅಳುವಂತಾಗಿತ್ತು.

"ನಿಮ್ಮ ತಾತ ಯಾರ ಮಾತು ಕೇಳ್ದೋನಮ್ಮ? ಆಡ್ಲಿ ಬಿಡು," ಎಂದು ವೆಂಕಟರಾಮಪ್ಪ ತೋಟಾಗಳ ಚೀಲ ತೆಗೆದುಕೊಂಡ.

ಆವುಲಪ್ಪ ಗುರಿ ಹೊಡೆಯುವ ಮೇಜಿನ ಮುಂದೆ ಕೂತು ಕೋವಿಯ ಹಿಡಿಯನ್ನು ಹೆಗಲಿಗೆ ಆನಿಸಿದ. ಒಳಗಿನ ತಗಡು ಚುರುಕ್ಕೆಂದಿತು. ಪಕ್ಕದಲ್ಲಿ ಬಾವ ತೋಟಾ ತಳ್ಳಿ ಬೋಲ್ಟ್ ಮುಚ್ಚಿದ. ಆವುಲಪ್ಪ ಹಲ್ಲು ಕಚ್ಚಿ ಕುದುರೆ ಒತ್ತಿದ.

ಟಕ್.

ಕೋವಿಯ ಮೂತಿ ನೇರ ನೆಲ ನೋಡಿತು. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಹೀಗೆ ಬಗ್ಗಿದ್ದಿಲ್ಲ. ನಾಚಿಕೆಯಿಂದ ಆವುಲಪ್ಪನ ಕಿವಿ ಬಿಸಿಯಾಯಿತು. ಬಾವ ಈಗ ನಗುತ್ತಾನೆ, ಈಗ ನಗುತ್ತಾನೆ ಎಂದು ಕಾದ. ಬಾವ ನಗದೆ ಮತ್ತೊಂದು ತುಂಬಿದ. ಅದೂ ಟಕ್. ಮೂರನೆಯದೂ ಟಕ್ ಎಂದಾಗ ಆವುಲಪ್ಪ ಕಟ್ಟಳೆ ಮುರಿದು ತಿರುಗಿ ನೋಡಿದ. ಬಾವನ ಅಂಗೈ ತುಂಬ ಖಾಲಿ ಚಿಪ್ಪುಗಳು. ಗುಂಡಿದ್ದ ತೋಟಾಗಳು ಚೀಲದಲ್ಲಿ ಹಾಗೇ ಇದ್ದವು.

"ಏನು ಬಾವ ಇದು, ನನ್ನ ಮೇಲೆ ಕನಿಕರಾನಾ? ಇಂಥ ಆಟ ಆಡೋಕಿಂತ ಮನೇಲಿ ಬಿದ್ದಿರೋದು ವಾಸಿ."

ವೆಂಕಟರಾಮಪ್ಪ ಚಿಪ್ಪುಗಳನ್ನು ಮೇಜಿನ ಮೇಲಿಟ್ಟ. ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಬಲಹೆಗಲ ಒಳಗಿನಿಂದ ಬಟ್ಟೆಯ ಒಂದು ಮೆತ್ತೆಯನ್ನು ಎಳೆದು ತೆಗೆದ. ಅಂಗೈಯಷ್ಟಗಲ, ಸೀರೆ ತುಂಡುಗಳನ್ನು ಮಡಿಸಿ ಮಡಿಸಿ ಹೊಲಿದದ್ದು. ಅಕ್ಕನ ಸೀರೆಯ ಆ ಕೆಂಪು ಅಂಚನ್ನು ಆವುಲಪ್ಪ ನೋಡಿದೊಡನೆ ಗುರುತಿಸಿದ.

"ಯಾವತ್ತಿಂದ ಬಾವ?"

"ಮೊದಲನೇ ಹಬ್ಬದಿಂದ. ರಾತ್ರಿ ನನ್ ಹೆಗಲು ಊದಿದ್ದು ನೋಡಿ ಹೊಲಿದುಕೊಟ್ಲು. ಹರಿದಾಗೆಲ್ಲ ಹೊಸದು ಹೊಲೀತಿದ್ಲು."

ಪ್ರತಿ ಹಬ್ಬಕ್ಕೂ ತನ್ನ ಹೆಗಲು ನೀಲಿಗಟ್ಟುತ್ತಿದ್ದುದು, ಹೆಂಡತಿ ಉಪ್ಪಿನ ಶಾಖ ಕೊಡುತ್ತ ಗೊಣಗುತ್ತಿದ್ದುದು ಆವುಲಪ್ಪನಿಗೆ ನೆನಪಾಯಿತು. ಸಿಟ್ಟೆಲ್ಲ ಎಲ್ಲಿ ಹೋಯಿತೋ. ಮಗುವಿನಂತೆ ಕೇಳಿದ, "ನಂಗ್ಯಾಕೆ ಹೊಲಿದುಕೊಡ್ಲಿಲ್ಲ?"

"ಕೇಳಿದ್ದೆ ನಾನೂ. ನನ್ ತಮ್ಮ ಗಟ್ಟಿ, ಅವ್ನಿಗೆ ಇವೆಲ್ಲ ಬೇಡ ಅಂತಿದ್ಲು."

ಆವುಲಪ್ಪ ಮೆತ್ತೆಯ ಕೆಂಪು ಅಂಚನ್ನು ಬೆರಳಲ್ಲಿ ಸವರಿದ. ಬಾವ ಬಗ್ಗಿ ಅವನ ಅಂಗಿಯ ಗುಂಡಿ ಬಿಚ್ಚಿ, ಮೆತ್ತೆಯನ್ನು ಹೆಗಲ ಮೇಲೆ ಕೂರಿಸಿ, ಮತ್ತೆ ಗುಂಡಿ ಹಾಕಿದ.

"ಮೌನಿಕಾ, ಆ ನಿಧಾನದ್ದು ತಾರಮ್ಮ. ಇಬ್ರಿಗೂ ಅದೇ," ಎಂದ.

ಅವಳು ತನ್ನ ರೈಫಲನ್ನು ತಂದು ಮೇಜಿನ ಮೇಲಿಟ್ಟಳು. ಇದಕ್ಕೆ ಮೆತ್ತೆಯೇ ಬೇಕಾಗಿಲ್ಲ ಎಂದು ಹೇಳಲು ಬಾಯಿ ತೆರೆದವಳು ತಾತನ ಮುಖ ನೋಡಿ ಸುಮ್ಮನಾದಳು. ಬಾವ ತೋಟಾ ತುಂಬಿ ಪಕ್ಕಕ್ಕೆ ಸರಿದ. ಆವುಲಪ್ಪ ಹಿಡಿಯನ್ನು ಮೆತ್ತೆಗೆ ಒತ್ತಿಕೊಂಡು ಕೆನ್ನೆ ಒರಗಿಸಿದ. ಕುದುರೆಯ ಮೇಲೆ ಬೆರಳಿಟ್ಟವನು, ಒತ್ತದೆ, ಅಕ್ಕನ ಕಿಲಕಿಲ ನಗುವಿಗೆ ಕಾಯುವವನಂತೆ ಕೂತಿದ್ದ.