ನಿಡೋಣಿಯ ಹನ್ನೊಂದು ಹಾಳೆ

ಕಾವ್ಯಾಳ ಕಾಗದಗಳ ಕಟ್ಟು ಎರಡು ತಿಂಗಳಿಂದ ದೇವರ ಜಗಲಿಯ ಮೇಲೆಯೇ ಇತ್ತು. ಅಲ್ಲಿ ಇಟ್ಟವಳು ತಾಯಿ ಗುರುಬಸವ್ವ. ಮಾರ್ನಾಮಿ ಹಬ್ಬಕ್ಕೆ ಮೊದಲು ಮಗಳು ಡೆಂಗೂ ಜ್ವರದಲ್ಲಿ ತೀರಿಕೊಂಡಳು. ಮಣ್ಣು ಕೊಟ್ಟು ಬಂದ ಮರುದಿನವೇ ಗುರುಬಸವ್ವ ಆಕೆಯ ಕಾಲೇಜು ಚೀಲದಿಂದ ಆ ಕಟ್ಟನ್ನು ತೆಗೆದು, ಹಳೆಯ ಇಳಕಲ್ಲ ಸೀರೆಯ ತುಂಡಿನಲ್ಲಿ ಸುತ್ತಿ, ವಿಭೂತಿಗಟ್ಟಿಯ ಪಕ್ಕದಲ್ಲಿ ಇರಿಸಿದ್ದಳು. ತಂದೆ ಬಸಗೊಂಡಪ್ಪ ಮಾಸ್ತರರು ದಿನಾ ಬೆಳಿಗ್ಗೆ ಅದೇ ಜಗಲಿಯ ಮುಂದೆ ಕುಳಿತು ಲಿಂಗಪೂಜೆ ಮಾಡಿಕೊಳ್ಳುತ್ತಿದ್ದರು. ಕಟ್ಟನ್ನು ಬಿಚ್ಚಿ ನೋಡುವ ಧೈರ್ಯ ಮಾತ್ರ ಒಂದು ದಿನವೂ ಆಗಿರಲಿಲ್ಲ. ಮದುವೆಯಾಗಿ ಹದಿನೆಂಟು ವರ್ಷಕ್ಕೆ ಹುಟ್ಟಿದ ಒಬ್ಬಳೇ ಮಗಳು ಆಕೆ.

ಅದನ್ನೇ ಕೇಳಿಕೊಂಡು ಒಂದು ದಿನ ವಿಜಯಪುರದಿಂದ ಬಬಲೇಶ್ವರದ ಅವರ ಮನೆಗೆ ನಸ್ರೀನ ಬಂದಳು. ಕಾವ್ಯಾಳ ಜೊತೆ ಒಂದೇ ಬೆಂಚಿನಲ್ಲಿ ಕುಳಿತು ಬಿ.ಎ. ಕೊನೆಯ ವರ್ಷ ಓದುತ್ತಿದ್ದ ಹುಡುಗಿ. ಆಕೆಯ ತಂದೆಗೆ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಬಳೆ ಅಂಗಡಿ. ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಎರಡಕ್ಕೂ ಹೊಂದುವಂಥ ಒಂದು ಸಣ್ಣ ಸಂಶೋಧನೆ ಮಾಡಿಕೊಂಡು ಬನ್ನಿರೆಂದು ವಿದ್ಯಾವತಿ ಮೇಡಂ ಹೇಳಿದಾಗ ಗೆಳತಿಯರಿಬ್ಬರೂ ಒಂದು ಪ್ರಶ್ನೆ ಆರಿಸಿಕೊಂಡಿದ್ದರು. ಕೂಲಿ ತನ್ನ ಕೈಗೇ ಬರುವ ಹೆಣ್ಣುಮಗಳು ಗ್ರಾಮಸಭೆಯಲ್ಲಿ ಎದ್ದು ಮಾತಾಡುತ್ತಾಳೆಯೇ? ತಿಕೋಟಾ ಕಡೆಯ ದ್ರಾಕ್ಷಿ ತೋಟಗಳಲ್ಲಿ ದುಡಿಯುವ ಮೂವತ್ತು ಹೆಂಗಸರನ್ನು ನಸ್ರೀನ ಕೇಳುವುದು, ಬಬಲೇಶ್ವರದ ಸಮೀಪದ ಹಳ್ಳಿ ನಿಡೋಣಿಯಲ್ಲಿ ಮೂವತ್ತು ಮಂದಿಯನ್ನು ಕಾವ್ಯಾ ಕೇಳುವುದು ಎಂದು ಹಂಚಿಕೊಂಡಿದ್ದರು.

ಆ ಪ್ರಶ್ನೆ ಹೊತ್ತುಕೊಂಡು ಮನೆಗೆ ಬಂದ ಸಂಜೆ ಕಾವ್ಯಾ ತಂದೆಯನ್ನೇ ಕಾಡಿದ್ದಳು. "ಅಪ್ಪಾ, ಮೂವತ್ತು ವರ್ಷ ಸಾಲ್ಯಾಗ ಪ್ರಜಾಪ್ರಭುತ್ವ ಕಲಿಸೀರಿ. ನಮ್ಮವ್ವನ್ನ ಒಮ್ಮೆರ ನಿನ್ನ ವೋಟು ಯಾರಿಗೆ ಅಂತ ಕೇಳೀರೇನು?"

"ಕೇಳಿದ್ರೂ ನಾ ಹೇಳಂಗಿಲ್ಲ," ಎಂದಿದ್ದಳು ಗುರುಬಸವ್ವ ಅಡುಗೆಮನೆಯಿಂದಲೇ.

ಈಗ ಆ ಅಡುಗೆಮನೆಯಲ್ಲಿ ನಸ್ರೀನ ತಲೆಯ ಮೇಲಿನ ದುಪಟ್ಟಾ ಸರಿಪಡಿಸಿಕೊಳ್ಳುತ್ತ, ಮೇಡಂ ಹೇಳಿ ಕಳಿಸಿದ್ದನ್ನು ಹೇಳಿದಳು. "ಮುಂದಿನ ವಾರ ಕೊಡಬೇಕ್ರಿ ಕಾಕಾ. ಕಾವ್ಯಾನ ಹೆಸರು ಮೊದಲ ಹಾಕೂಣು, ಕಾಲೇಜಿನ ಸಭಾದಾಗ ಓದೂಣು ಅಂತ ಹೇಳ್ಯಾರ್ರಿ ಮೇಡಂ. ತಿಕೋಟಾದಾಗ ನನಗ ಹೌದು ಅನ್ನಾಕೂ ಬರಲಿಲ್ಲ, ಅಲ್ಲ ಅನ್ನಾಕೂ ಬರಲಿಲ್ಲ. ಕಾವ್ಯಾನ ಹಾಳಿಯೊಳಗ ಭಾಳ ಮಂದಿ ಮಾತಾಡ್ತೀವಿ ಅಂದಾರಂತ. ಫೋನಿನಾಗ ಹೇಳಿದ್ಳ್ರಿ."

"ಮೊದಲ ಉಣ್ಣ ಬೇ. ಕಾಗದ ಎಲ್ಲಿ ಓಡಿ ಹೊಕ್ಕಾವ," ಎಂದು ಗುರುಬಸವ್ವ ಆಕೆಯ ಮುಂದೆ ರೊಟ್ಟಿಯ ತಾಟು ಸರಿಸಿದಳು.

ಹುಡುಗಿ ಉಣ್ಣುವಷ್ಟರಲ್ಲಿ ಒಮ್ಮೆ ಮಗಳ ಕೈಬರಹ ಕಣ್ಣಿಗೆ ಬಿದ್ದರೆ ಸಾಕೆಂದು ಮಾಸ್ತರರು ಪಡಸಾಲೆಯಲ್ಲಿ ಕಟ್ಟು ಬಿಚ್ಚಿದರು. ಹಾಳೆಗೊಬ್ಬ ಹೆಂಗಸು. ಹೆಸರು, ವಯಸ್ಸು, ಕೆಲಸ, ಕೂಲಿ ಯಾರ ಕೈಗೆ ಬರುತ್ತದೆ, ಗ್ರಾಮಸಭೆಗೆ ಹೋಗಿದ್ದೀರಾ, ಮಾತಾಡಿದ್ದೀರಾ. ವಯಸ್ಸಿನ ಮನೆಯಲ್ಲಿ ಐವತ್ತು, ನಲವತ್ತೈದು, ಮೂವತ್ತು, ಅರವತ್ತು. ಒಂದು ಹಾಳೆಯ ಅಂಚಿನಲ್ಲಿ, 'ದೊಡ್ಡ ಬರ ಬಿದ್ದಾಗ ತೊಟ್ಟಿಲಾಗಿದ್ನಂತ' ಎಂದು ಮಗಳು ಚಿಕ್ಕದಾಗಿ ಗೀಚಿದ್ದಳು. ಮಾಸ್ತರರಿಗೆ ನಗು ಬಂತು. ಬೆನ್ನಿಗೇ ಕಣ್ಣು ತುಂಬಿತು.

ಹತ್ತೊಂಬತ್ತು ಹಾಳೆ ಹೀಗೇ ಸಾಗಿದವು. ಇಪ್ಪತ್ತನೆಯದರಲ್ಲಿ ವಯಸ್ಸು ನಲವತ್ತಮೂರು. ಮುಂದಿನದರಲ್ಲಿ ಮೂವತ್ತೇಳು. ಆಮೇಲೆ ಐವತ್ತೆರಡು, ಇಪ್ಪತ್ತೊಂಬತ್ತು, ಅರವತ್ತೊಂದು. ಕೊನೆಯ ಹಾಳೆಯವರೆಗೂ ಅಂಥವೇ, ಸೊನ್ನೆಗೋ ಐದಕ್ಕೋ ಮುಗಿಯುವ ಗುಂಡಂಕಿ ಒಂದೂ ಇಲ್ಲ. ಆ ಹನ್ನೊಂದು ಮಂದಿಯೂ ಕೂಲಿ ತಮ್ಮ ಕೈಗೇ ಬರುತ್ತದೆ ಎಂದಿದ್ದರು. ಹನ್ನೊಂದು ಮಂದಿಯೂ ಸಭೆಯಲ್ಲಿ ಮಾತಾಡಿದ್ದರು.

ಮಾಸ್ತರರ ಕೈ ಹಾಳೆಯ ಮೇಲೆಯೇ ನಿಂತಿತು. ಸಾಲೆಯ ಕೆಲಸದ ಜೊತೆ ಎಷ್ಟೋ ಗಣತಿ ಮಾಡಿದ ಮನುಷ್ಯ. ನಮ್ಮ ಕಡೆಯ ಹಳ್ಳಿಯಲ್ಲಿ ನಡುವಯಸ್ಸಿನ ಹೆಣ್ಣುಮಗಳು ತನಗೆ ನಲವತ್ತಮೂರು ಎಂದು ಹೇಳಿದ್ದನ್ನು ಅವರು ಕೇಳಿರಲಿಲ್ಲ. ನಲವತ್ತೋ ಐವತ್ತೋ ನೀವೇ ಬರಕೋರಿ ಎನ್ನುವುದು ರೂಢಿ. ಅಲ್ಲೊಬ್ಬಳು ಇಲ್ಲೊಬ್ಬಳು ಸಾಲೆ ಕಲಿತವಳು ಲೆಕ್ಕವಿಟ್ಟು ಹೇಳಿಯಾಳು. ಸಾಲಾಗಿ ಹನ್ನೊಂದು ಮಂದಿ ಹೇಳುವುದಿಲ್ಲ. ಇಂಥ ಅಂಕಿ ಮನೆಯಲ್ಲಿ ಕುಳಿತು ಬರೆದಾಗ ಮಾತ್ರ ಬರುತ್ತದೆ.

ಇದು ಅವರಿಗೆ ಗೊತ್ತಿದ್ದದ್ದು ಬೇರೆಯವರ ತಪ್ಪು ಹಿಡಿದು ಅಲ್ಲ. ಹದಿನಾಲ್ಕು ವರ್ಷದ ಹಿಂದೆ ಒಂದು ಗಣತಿಯ ಕಡೆಯ ದಿನ, ದೂರದ ತೋಟದ ಮನೆಗಳಷ್ಟೇ ಉಳಿದಿದ್ದವು. ಬಿಸಿಲು ಕೆಂಡದಂತಿತ್ತು. ಮಾಸ್ತರರು ಮನೆಗೆ ಬಂದು ಪಡಸಾಲೆಯಲ್ಲಿ ಕುಳಿತು ಆ ಹಾಳೆಗಳನ್ನು ತುಂಬತೊಡಗಿದರು. ಏಳು ವರ್ಷದ ಕಾವ್ಯಾ ಬಗಲಲ್ಲಿ ಕುಳಿತಿದ್ದಳು.

"ಅಪ್ಪಾ, ಆ ಮನಿಗೆ ನಾವು ಹೋಗೇ ಇಲ್ಲಲ್ಲ?"

"ಹೋದಂಗ ಆತು. ನೀ ಒಂದೊಂದು ವಯಸ್ಸು ಹೇಳು ನೋಡೂಣು. ಹತ್ತು, ಇಪ್ಪತ್ತು ಅನಬ್ಯಾಡ. ನಡುವಿಂದು ಹೇಳು."

ಎಲ್ಲ ಗುಂಡಂಕಿಯಾದರೆ ಮೇಲಿನವರು ಕೇಳುತ್ತಾರೆಂಬ ಅಂಜಿಕೆ ಅವರಿಗೆ. ಮಗಳಿಗೆ ಅದೊಂದು ಆಟ. ನಲವತ್ತಮೂರು, ಎಂದು ಮೊದಲು ಕೂಗಿದಳು. ಆಮೇಲೆ ಚಪ್ಪಾಳೆ ತಟ್ಟುತ್ತ ಸಂಜೆಯವರೆಗೂ ಕೂಗಿದಳು.

ಅಡುಗೆಮನೆಯಲ್ಲಿ ನಸ್ರೀನ ಕೈತೊಳೆಯುವ ಸದ್ದು ಕೇಳಿತು. ಮಾಸ್ತರರು ಕಟ್ಟು ಕಟ್ಟಿ ಆಕೆಯ ಕೈಗೆ ಕೊಟ್ಟರು. ಸತ್ತ ಕೂಸಿನ ತಪ್ಪು ಎತ್ತಿ ಆಡುವವನು ತಂದೆಯೇ? ಸಭೆಯಲ್ಲಿ ಆಕೆಯ ಹೆಸರು ಮೊದಲು ಕೂಗುತ್ತಾರೆ. ಗುರುಬಸವ್ವ ಮುಂದಿನ ಸಾಲಿನಲ್ಲಿ ಕುಳಿತು ಕೇಳುತ್ತಾಳೆ. ಇಷ್ಟು ಸಾಕಲ್ಲವೇ? ಹೀಗೆಂದುಕೊಂಡೇ ಹುಡುಗಿಯನ್ನು ಬಸ್ಸಿಗೆ ಬಿಡಲು ನಡೆದರು. ಎದೆಯ ಮೇಲಿನ ಲಿಂಗ ಮಾತ್ರ ಕಲ್ಲಿನಂತೆ ಭಾರವಾಗಿತ್ತು. ಸುಳ್ಳಿನ ಕಟ್ಟಿನ ಮುಂದೆ ಎರಡು ತಿಂಗಳು ಪೂಜೆ ಮಾಡಿದ್ದಾಯಿತು, ಅರಿಯದೆ. ಇನ್ನು ಅರಿತೂ, ಸುಳ್ಳನ್ನು ಮುಚ್ಚಿಟ್ಟು ಮಾಡಬೇಕು.

ಬಸ್ ನಿಲ್ದಾಣದ ಕಲ್ಲಿನ ಮೇಲೆ ಕುಳಿತಾಗ ಅವರಿಗೆ ತಡೆಯಲಾಗಲಿಲ್ಲ.

"ನಸ್ರೀನ, ಅದರಾಗ ಕಡೀ ಹನ್ನೊಂದು ಹಾಳಿ ಖರೇ ಅಲ್ಲವ್ವಾ. ಆಕಿ ಮನ್ಯಾಗ ಕುಂತು ಬರದಾಳ."

ಹುಡುಗಿ ಮಡಿಲಲ್ಲಿದ್ದ ಕಟ್ಟನ್ನು ಇಬ್ಬರ ನಡುವೆ ಕಲ್ಲಿನ ಮೇಲೆ ಇಟ್ಟಳು. "ನಾನ ಹೇಳಿದ್ನಿರಿ, ಕಾಕಾ," ಎಂದಳು. "ಜ್ವರ ಬಂದೈತಿ, ಹನ್ನೊಂದು ಉಳದಾವ ಅಂತ ಫೋನ್ ಮಾಡಿದ್ಳು. ಎಲ್ಲಾರೂ ಹಂಗ ಮಾಡ್ತಾರ, ನೀನೂ ತುಂಬು, ಯಾರ ನೋಡ್ತಾರ ಅಂತ ನಾನ ಅಂದೆ. ಅಪ್ಪಗ ಗೊತ್ತಾಕೈತಿ ಅಂದ್ಳ್ರಿ."

"ನನಗ?"

"ಹೂಂರಿ. ಅಪ್ಪ ನೋಡಿದ್ರ ಹಿಡೀತಾನ ಅಂದ್ಳು."

ಬಸ್ಸು ಬಂದು ಹೋಯಿತು. ಇಬ್ಬರೂ ಏಳಲಿಲ್ಲ. ಮಾಸ್ತರರು ಹೆಗಲ ಮೇಲಿನ ಟಾವೆಲ್ಲಿನಿಂದ ಮುಖ ಒರೆಸಿಕೊಂಡರು.

"ನಾಡಿದ್ದ ಅಮಾಸಿ. ಕೂಲಿ ಕೆಲಸ ಇರಂಗಿಲ್ಲ, ಹೆಣಮಕ್ಕಳು ಮನ್ಯಾಗ ಸಿಗ್ತಾರ. ಖಾಲಿ ಹಾಳಿ ಹನ್ನೊಂದು ತಗೊಂಡು ಬಾ. ಇಬ್ಬರೂ ನಿಡೋಣಿಗೆ ಹೋಗೂಣು."

"ಉತ್ತರ ಬ್ಯಾರೆ ಬಂದ್ರ, ಕಾಕಾ? ಮೇಡಂ ಆಕಿ ಹೆಸರ ತಗದ್ರ?"

ಮಾಸ್ತರರು ಎದ್ದು ಮುಂದಿನ ಬಸ್ಸಿಗೆ ಕೈ ಮಾಡಿದರು.

ಅಮಾವಾಸ್ಯೆಯ ದಿನ ನಿಡೋಣಿಯಲ್ಲಿ ಅವರು ಮೊದಲು ಹುಡುಕಿಕೊಂಡು ಹೋದದ್ದು ಆ ಇಪ್ಪತ್ತನೆಯ ಹಾಳೆಯಲ್ಲಿ ಹೆಸರಿದ್ದ ಕಸ್ತೂರಿಯನ್ನು. ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದ ಹೆಂಗಸು ಕಾವ್ಯಾಳ ಹೆಸರು ಕೇಳಿದೊಡನೆ ಮೊರ ಬದಿಗಿಟ್ಟಳು.

"ಆ ಹುಡುಗಿ ನಿಮ್ಮಾಕಿ ಏನ್ರಿ, ಮಾಸ್ತರ್ರ? ಬಂದಿದ್ಳ್ರಿ. ಮೈ ಮುಟ್ಟಿದ್ರ ಕಾದ ಹಂಚು. ಇಲ್ಲೇ ಮಲಗಿಸಿ ನೀರು ಕುಡಿಸಿದ್ನಿ. ಓಣ್ಯಾನ ಹನ್ನೊಂದು ಮಂದಿ ಹೆಸರು ಹೇಳ್ತೀನಿ, ಬರಕೊಂಡು ಮನಿಗೆ ಹೋಗು, ಮುಂದಿನ ವಾರ ಬಾ ಅಂದ್ನಿ. ಹೆಂಗದಾಳ್ರಿ ಈಗ?"

ನಸ್ರೀನ ಮುಖ ತಿರುಗಿಸಿದಳು. ಮಾಸ್ತರರೇ ಹೇಳಿದರು. ಕಸ್ತೂರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ, "ಕೇಳ್ರಿ," ಎಂದಳು. "ಆಕಿ ಕೇಳಬೇಕಾದದ್ದು ನೀವ ಕೇಳ್ರಿ."

"ವಯಸ್ಸೆಷ್ಟವ್ವಾ?"

"ಐವತ್ತು ಬರಕೋರಿ."

ನೆರೆಮನೆಯ ಹೆಂಗಸು ನಕ್ಕಳು. "ಹತ್ತು ವರ್ಷದ ಹಿಂದ ಬಂದವರಿಗೂ ಐವತ್ತ ಹೇಳಿದ್ಳ್ರಿ ಈಕಿ. ಮುಂದೂ ಹೋಗಂಗಿಲ್ಲ, ಹಿಂದೂ ಬರಂಗಿಲ್ಲ."

"ನಿನಗ್ಯಾಕ ಬೇ? ನನ್ನ ವಯಸ್ಸು ನನ್ನ ಮನ್ಯಾಗ ಇರಲಿ," ಎಂದಳು ಕಸ್ತೂರಿ.

ಮಾಸ್ತರರು ಐವತ್ತು ಎಂದು ಬರೆದರು. ಕೂಲಿ ಯಾರ ಕೈಗೆ ಬರುತ್ತದೆ ಎಂದು ನಸ್ರೀನ ಕೇಳಿದಳು.

"ನನ್ನ ಕೈಗ ಬರ್ತೈತಿ. ಮತ್ಯಾರಿಗೆ ಕೊಟ್ಟಾರು?"

"ಗ್ರಾಮಸಭಾದಾಗ ಮಾತಾಡೀರೇನು?"

"ಸಭಾ ನಡಿಯೂದು ಹಗಲಿ, ತಂಗಿ. ಅವತ್ತಿನ ಕೂಲಿ ಯಾರ ಕೊಡ್ತಾರ? ಕೂಲಿ ಇಲ್ಲದಾಕಿ, ಗಂಡ ದುಡುದು ಹಾಕುವಾಕಿ ಹೋಗಿ ಕುಂಡ್ರತಾಳ, ಚಾ ಕುಡದು ಬರ್ತಾಳ. ದುಡಿಯೂ ಹೆಣಮಗಳಿಗೆ ಎದ್ದು ನಿಂದ್ರಾಕ ಬಿಡುವೆಲ್ಲೈತಿ?"

ನಸ್ರೀನ ಮಾಸ್ತರರ ಮುಖ ನೋಡಿದಳು. ಇಡೀ ಸಂಶೋಧನೆ ಒಂದು ಕಡೆ ನಡೆದರೆ ಈ ಮಾತು ಇನ್ನೊಂದು ಕಡೆ ನಡೆದಿತ್ತು. ಉಳಿದ ಹತ್ತು ಮನೆಗಳಲ್ಲಿ ಏಳು ಮಂದಿ ಇದನ್ನೇ ಹೇಳಿದರು. ಇಬ್ಬರಿಗೆ ಗ್ರಾಮಸಭೆ ಎಂದರೇನೆಂದೇ ಗೊತ್ತಿರಲಿಲ್ಲ. ಒಬ್ಬಳು ಮಾತ್ರ ನೀರಿನ ನಲ್ಲಿಯ ಸಲುವಾಗಿ ಒಮ್ಮೆ ಎದ್ದು ಕೂಗಾಡಿದ್ದಳು. ಅವತ್ತು ಆಕೆಗೆ ಕೈ ಮುರಿದು ಕೆಲಸವಿರಲಿಲ್ಲ.

ಮಧ್ಯಾಹ್ನ ಗುಡಿಯ ಕಟ್ಟೆಯ ಮೇಲೆ ಕುಳಿತು ಹಾಳೆಗಳನ್ನು ಜೋಡಿಸುವಾಗ ಪ್ರತಿ ಹಾಳೆಯ ಕೆಳಗಿನ ಒಂದು ಮನೆ ಖಾಲಿ ಉಳಿದಿತ್ತು. ಮಾಹಿತಿ ಕೇಳಿದವರ ಹೆಸರು. ಮಾಸ್ತರರು ಹನ್ನೊಂದರ ಮೇಲೂ ತಮ್ಮ ಹೆಸರು ಬರೆದು ತಾರೀಖು ಹಾಕಿದರು. ಹದಿನಾಲ್ಕು ವರ್ಷದ ಹಿಂದಿನ ತೋಟದ ಮನೆಗಳಲ್ಲಿ ಈಗ ಯಾರು ಇದ್ದಾರೋ. ಅವುಗಳ ಬಾಗಿಲಿಗೆ ಇನ್ನು ಹೋಗಿ ಫಲವಿಲ್ಲ.

"ಮೇಡಂಗ ಎಲ್ಲಾ ಹೇಳ್ತೀನ್ರಿ, ಕಾಕಾ," ಎಂದಳು ನಸ್ರೀನ. "ನಾನ ತುಂಬು ಅಂದದ್ದೂ ಹೇಳ್ತೀನಿ. ಹೆಸರ ಇಡೂದು ಬಿಡೂದು ಅವರಿಗೆ ಬಿಟ್ಟದ್ದು."

"ಹೇಳವ್ವಾ."

ಕಾವ್ಯಾ ಬರೆದ ಹನ್ನೊಂದು ಹಾಳೆಗಳನ್ನು ಆಕೆ ಬೇರೆ ತೆಗೆದು ಅವರಿಗೆ ಕೊಟ್ಟಳು.

ಮನೆಗೆ ಬಂದು ಮಾಸ್ತರರು ಹೆಂಡತಿಗೆ ಎಲ್ಲವನ್ನೂ ಹೇಳಿದರು. ಗಣತಿಯ ದಿನದ ಮಾತನ್ನೂ ಮುಚ್ಚಲಿಲ್ಲ. ಗುರುಬಸವ್ವ ಕಂಬಕ್ಕೆ ಒರಗಿ ಕೇಳಿದಳು. ಮಗಳ ಹೆಸರು ಸಭೆಯಲ್ಲಿ ಕೂಗದೇ ಇರಬಹುದು ಎಂದಾಗ ಮಾತ್ರ ಒಮ್ಮೆ ಕಣ್ಣು ಮುಚ್ಚಿದಳು.

"ಇವನ್ನ ಜಗಲಿ ಮ್ಯಾಲ ಇಡೂದು ಬ್ಯಾಡ," ಎಂದರು ಮಾಸ್ತರರು. "ಖರೇ ಅಲ್ಲ ಇವು."

"ಬ್ಯಾಡಂದ್ರ ಬ್ಯಾಡ. ಇಲ್ಲೆ ತರ್ರಿ." ಹಾಳೆಗಳನ್ನು ಇಸಿದುಕೊಂಡು ಅಕ್ಷರಗಳ ಮೇಲೆ ಬೆರಳಾಡಿಸಿದಳು. ಆಕೆಗೆ ಓದು ಬಾರದು. "ಬರಿಯೂ ಮುಂದ ಕೈ ನಡಗಿರಬೇಕು, ಅಲ್ಲೇನ್ರಿ? ಏನು ಬರದಾಳ, ಒಮ್ಮೆ ಓದ್ರಿ."

ಮಾಸ್ತರರು ಕನ್ನಡಕ ಏರಿಸಿಕೊಂಡರು. ಆಗಿನ ಪಡಸಾಲೆಯೇ ಇದು, ಆಗಿನ ಕಂಬವೇ ಇದು. ಮೊದಲ ಹಾಳೆಯ ಹೆಸರು ಓದಿ ವಯಸ್ಸಿನ ಮನೆಗೆ ಬಂದರು.

"ನಲವತ್ತಮೂರು," ಎಂದರು.

"ಹೂಂ," ಎಂದಳು ಗುರುಬಸವ್ವ. "ಮುಂದ?"